ಕಸ ಕಾಯುವ ಎಂಜಿನಿಯರು

ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸು ಹನೂರು ದಾಟಿ ರಾಮಾಪುರದಲ್ಲಿ ನಿಂತಾಗ ಇಳಿಯುವವರಲ್ಲಿ ಪುಸ್ತಕದ ಚೀಲ ಹೊತ್ತ ಹುಡುಗ ಹುಡುಗಿಯರೂ ಇರುತ್ತಾರೆ. ಅವರಲ್ಲಿ ವಿಜ್ಞಾನ ಆರಿಸಿಕೊಂಡವರ ಮನೆಯಲ್ಲಿ ಬೇಸಿಗೆ ಬಂತೆಂದರೆ ಸಿ.ಇ.ಟಿ.ಯ ಮಾತೇ ಮಾತು. ಯಾವ ಕಾಲೇಜು, ಯಾವ ಬ್ರಾಂಚು? ಕಂಪ್ಯೂಟರ್ ಸೈನ್ಸ್ ಸಿಕ್ಕರೆ ಸರಿ, ಇಲ್ಲದಿದ್ದರೆ ಎಲೆಕ್ಟ್ರಾನಿಕ್ಸ್. ಸಿವಿಲ್, ಮೆಕ್ಯಾನಿಕಲ್, ಕೆಮಿಕಲ್ ಎಂದರೆ ಅಪ್ಪನ ಮುಖ ಸ್ವಲ್ಪ ಸಪ್ಪೆ. ಅಂಥ ಮನೆಯಲ್ಲಿ ಮಗಳೊಬ್ಬಳು ತಾನು ತ್ಯಾಜ್ಯ ನಿರ್ವಹಣೆಯ ಎಂಜಿನಿಯರ್ ಆಗುತ್ತೇನೆ ಎಂದಳೆನ್ನಿ. ಬರುವ ಉತ್ತರವನ್ನು ಊಹಿಸುವುದು ಕಷ್ಟವಲ್ಲ: ‘ಕಸ ಬಳಿಯಕ್ಕೆ ಇಂಜಿನಿಯರು ಓದ್ಬೇಕಾ ಮಗ?’

ಓದಬೇಕು. ಯಾಕೆಂದರೆ ಕಸವನ್ನು ಒಂದು ಕಡೆಯಿಂದ ಬಳಿದು ಇನ್ನೊಂದು ಕಡೆ ಸುರಿಯುವುದು ಬೇರೆ, ಅದು ಎಲ್ಲಿ ಹೋಯಿತು, ಅಲ್ಲಿ ಏನು ಮಾಡುತ್ತಿದೆ ಎಂದು ಕೊನೆಯವರೆಗೆ ಲೆಕ್ಕ ಇಡುವುದು ಬೇರೆ. ಇದನ್ನು ತಿಳಿಯಲು ರಾಮಾಪುರದವರು ದೂರ ಹೋಗಬೇಕಾಗಿಲ್ಲ. ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳಿಗೆ ಊರ ಮುಂದಿನ ರಸ್ತೆಯಲ್ಲೇ ಲಕ್ಷಾಂತರ ಭಕ್ತರು ಬೆಟ್ಟಕ್ಕೆ ಹೋಗುತ್ತಾರೆ. ಜಾತ್ರೆ ಮುಗಿದ ಮೇಲೆ ಉಳಿಯುವ ಪ್ಲಾಸ್ಟಿಕ್ಕು ಮಳೆಯ ನೀರಿನೊಡನೆ ಹಳ್ಳ ಸೇರುತ್ತದೆ. ಹಳ್ಳದ ನೀರನ್ನು ದನವೂ ಕುಡಿಯುತ್ತದೆ, ಆನೆಯೂ ಕುಡಿಯುತ್ತದೆ. ಕೊಳ್ಳೇಗಾಲದ ಕಡೆ ರೇಷ್ಮೆಗೂಡು ಬೇಯಿಸಿದ ನೀರು ಚರಂಡಿಗೆ ಬಿದ್ದರೆ ಬೀದಿಯೆಲ್ಲ ನಾರುತ್ತದೆ. ಹನೂರಿನ ಸುತ್ತ ಕರಿಕಲ್ಲು ತೆಗೆದ ಗುಂಡಿಗಳ ಪಕ್ಕದಲ್ಲಿ ಬೇಡವಾದ ಕಲ್ಲಿನ ರಾಶಿಗಳು ನಿಂತಿವೆ. ಮೂರೂ ಕಸವೇ. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಎರಡನೆಯದು ಮೂಗಿಗೆ ತಿಳಿಯುತ್ತದೆ, ಮೂರನೆಯದು ಎಷ್ಟು ವರ್ಷವಾದರೂ ಇದ್ದಲ್ಲೇ ಇರುತ್ತದೆ.

ಕಣ್ಣಿಗೂ ಕಾಣದ, ಮೂಗಿಗೂ ತಿಳಿಯದ, ನೂರಾರು ವರ್ಷ ಇದ್ದಲ್ಲೇ ಇರಿಸಬೇಕಾದ ಕಸವೂ ಒಂದಿದೆ. ಅಣು ವಿದ್ಯುತ್ ಸ್ಥಾವರಗಳಲ್ಲಿ, ಸಂಶೋಧನಾ ರಿಯಾಕ್ಟರುಗಳಲ್ಲಿ, ಕ್ಯಾನ್ಸರ್ ಆಸ್ಪತ್ರೆಗಳಲ್ಲಿ, ಕೆಲವು ಕಾರ್ಖಾನೆಗಳಲ್ಲಿ ಹುಟ್ಟುವ ವಿಕಿರಣಶೀಲ ತ್ಯಾಜ್ಯ ಅದು. ಅದನ್ನು ನೋಡಿಕೊಳ್ಳುವುದಕ್ಕೆಂದೇ ಸರ್ಕಾರದಲ್ಲಿ ಎಂಜಿನಿಯರುಗಳಿದ್ದಾರೆ. ನೇಮಕವಾಗಿ ನಿವೃತ್ತರಾಗುವವರೆಗೆ ಮೂವತ್ತು ಮೂವತ್ತೈದು ವರ್ಷ ಅವರದು ಇದೇ ಕೆಲಸ. ಸಿ.ಇ.ಟಿ. ಕಾಲದ ಮಾತುಕತೆಯಲ್ಲಿ ಈ ವೃತ್ತಿಯ ಹೆಸರು ಬರುವುದೇ ಇಲ್ಲ.

ವಿಕಿರಣವೆಂಬುದು ಅಣು ಸ್ಥಾವರದವರು ಹೊಸದಾಗಿ ಹುಟ್ಟಿಸಿದ್ದೇನಲ್ಲ. ಗ್ರಾನೈಟ್ ಜಾತಿಯ ಬಂಡೆಗಳಲ್ಲಿ ಅತಿ ಅಲ್ಪ ಪ್ರಮಾಣದ ಯುರೇನಿಯಂ, ಥೋರಿಯಂ ಇದ್ದೇ ಇರುತ್ತವೆ. ಅವು ಸದಾ ಒಂದಿಷ್ಟು ವಿಕಿರಣ ಸೂಸುತ್ತಲೇ ಇರುತ್ತವೆ. ಆದರೆ ರಿಯಾಕ್ಟರಿನ ಒಳಗೆ ಯುರೇನಿಯಂ ಪರಮಾಣು ಒಡೆದಾಗ ಸೀಸಿಯಂ-137, ಸ್ಟ್ರಾನ್ಷಿಯಂ-90 ಮೊದಲಾದ ಹೊಸ ವಸ್ತುಗಳು ಹುಟ್ಟುತ್ತವೆ. ಇವುಗಳ ವಿಕಿರಣ ಬಲವಾದದ್ದು. ಬೆಂಕಿಗೆ ಹಾಕಿದರೆ ಇವು ನಾಶವಾಗುವುದಿಲ್ಲ, ಆಮ್ಲ ಸುರಿದರೂ ಸಾಯುವುದಿಲ್ಲ. ತಮ್ಮಷ್ಟಕ್ಕೆ ತಾವೇ ಕ್ಷೀಣಿಸಬೇಕು, ಅಷ್ಟೆ. ಯಾವ ಅವಧಿಯಲ್ಲಿ ಅರ್ಧದಷ್ಟು ಕ್ಷೀಣಿಸುತ್ತವೋ ಅದನ್ನು ಅರ್ಧಾಯು ಎನ್ನುತ್ತಾರೆ. ಅಯೋಡಿನ್-131ರ ಅರ್ಧಾಯು 8 ದಿನ. ಕೋಬಾಲ್ಟ್-60ರದು ಐದು ವರ್ಷಕ್ಕೆ ಸ್ವಲ್ಪ ಹೆಚ್ಚು. ಟ್ರಿಷಿಯಂನದು 12 ವರ್ಷ. ಸೀಸಿಯಂನದು 30 ವರ್ಷ. ಪ್ಲುಟೋನಿಯಂ-239ರದು 24 ಸಾವಿರ ವರ್ಷ!

ಆದ್ದರಿಂದ ಈ ಎಂಜಿನಿಯರುಗಳ ಪಾಠ ಮೂರು ದಾರಿಗಳಿಂದ ಶುರುವಾಗುತ್ತದೆ. ಬೇಗ ಕ್ಷೀಣಿಸುವುದನ್ನು ಕೂಡಿಟ್ಟು ಕಾಯುವುದು. ತೀರ ದುರ್ಬಲವಾದದ್ದನ್ನು ಅಳೆದು, ನಿಗದಿಯಾದ ಮಿತಿಯೊಳಗೆ ನೀರಿಗೋ ಗಾಳಿಗೋ ಬಿಡುವುದು. ಬಲವಾದದ್ದನ್ನು ಹಿಂಡಿ ಚಿಕ್ಕದು ಮಾಡಿ ಹೊರಬರದಂತೆ ಬಂಧಿಸುವುದು. ಕೆಲಸಗಾರರ ಕೈಗವಸು, ನೆಲ ಒರೆಸಿದ ಬಟ್ಟೆ, ಕಾಗದ ಇವನ್ನು ಒತ್ತಿ ಇಲ್ಲವೇ ಸುಟ್ಟು ಗಾತ್ರ ಇಳಿಸುತ್ತಾರೆ. ನೀರು ಶುದ್ಧ ಮಾಡಿ ದಣಿದ ರೆಸಿನ್ನು, ಸೋಸುಕಗಳು ಇವುಗಳ ವಿಕಿರಣ ಹೆಚ್ಚು. ಅವನ್ನು ಭದ್ರವಾಗಿ ಬಂಧಿಸಿ ಕಾಂಕ್ರೀಟಿನ ಕಂದಕಗಳಲ್ಲಿ, ಇಲ್ಲವೇ ‘ಟೈಲ್ ಹೋಲ್’ ಎಂದು ಅಲ್ಲಿಯವರು ಕರೆಯುವ ಆಳದ ಕೊಳವೆ ಗುಂಡಿಗಳಲ್ಲಿ ಇಡುತ್ತಾರೆ. ಈ ಕಂದಕಗಳು ಆಯಾ ಸ್ಥಾವರದ ಆವರಣದಲ್ಲೇ ಇರುತ್ತವೆ. ಸುತ್ತಲೂ ಕೊಳವೆ ಬಾವಿ ಕೊರೆದು, ಅಂತರ್ಜಲಕ್ಕೆ ಏನಾದರೂ ಸೋರಿತೇ ಎಂದು ಕಾಲಕಾಲಕ್ಕೆ ನೀರು ತೆಗೆದು ನೋಡುತ್ತಾರೆ.

ಎಲ್ಲಕ್ಕಿಂತ ಬಲವಾದ ತ್ಯಾಜ್ಯ ಹುಟ್ಟುವುದು ಸ್ಥಾವರದಲ್ಲಲ್ಲ. ಉರಿದ ಇಂಧನವನ್ನು ಆಮ್ಲದಲ್ಲಿ ಕರಗಿಸಿ ಪ್ಲುಟೋನಿಯಂ, ಯುರೇನಿಯಂ ಬೇರ್ಪಡಿಸುವ ಕಡೆ. ಅಲ್ಲಿ ಉಳಿಯುವ ದ್ರವವನ್ನು ಗಾಜಿನ ಪುಡಿಯೊಡನೆ ಸುಮಾರು ಸಾವಿರ ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿಸಿ, ಸ್ಟೇನ್‌ಲೆಸ್ ಸ್ಟೀಲಿನ ಡಬ್ಬಗಳಲ್ಲಿ ಎರಕ ಹೊಯ್ಯುತ್ತಾರೆ. ವಿಷ ಗಾಜಿನೊಳಗೆ ಸೇರಿ ಗಾಜೇ ಆಗಿಬಿಡುತ್ತದೆ. ತಾರಾಪುರ, ಟ್ರಾಂಬೆ, ಕಲ್ಪಾಕ್ಕಂಗಳಲ್ಲಿ ಈ ಕೆಲಸ ನಡೆಯುತ್ತದೆ. ಮನುಷ್ಯ ಹತ್ತಿರ ಸುಳಿಯುವಂತಿಲ್ಲ. ದಪ್ಪ ಗೋಡೆಯ ಆಚೆಗೆ ಯಂತ್ರದ ಕೈಗಳಿಂದಲೇ ಎಲ್ಲವೂ ಆಗಬೇಕು. ಒಳಗಿನ ಒಂದು ಕವಾಟ ಕೆಟ್ಟರೆ ಅದನ್ನು ಹೊರಗಿನಿಂದಲೇ ಬದಲಾಯಿಸುವುದು ಹೇಗೆ ಎಂದು ಮೊದಲೇ ಯೋಚಿಸಿ ಕಟ್ಟಿರಬೇಕು. ಮೆಕ್ಯಾನಿಕಲ್, ಕೆಮಿಕಲ್ ಓದಿದವರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇರೆಲ್ಲಿ ಸಿಗುತ್ತದೆ? ಟ್ರಾಂಬೆಯ ಎಂಜಿನಿಯರುಗಳು ಇದೇ ತ್ಯಾಜ್ಯದಿಂದ ಸೀಸಿಯಂ ಬೇರ್ಪಡಿಸಿ, ಗಾಜಿನಲ್ಲಿ ಸೇರಿಸಿ ಪೆನ್ಸಿಲ್ಲಿನಂಥ ಕಡ್ಡಿಗಳನ್ನು ಮಾಡಿದರು. ರೋಗಿಗಳಿಗೆ ಕೊಡುವ ರಕ್ತಕ್ಕೆ ವಿಕಿರಣ ಹಾಯಿಸುವ ಯಂತ್ರಗಳಲ್ಲಿ ಅವು ಬಳಕೆಯಾಗುತ್ತವೆ.

ಈ ವೃತ್ತಿಯ ನಿಜವಾದ ಕಷ್ಟ ಮಾತ್ರ ಕುಲುಮೆಯಲ್ಲಿಲ್ಲ, ಕಾಲದಲ್ಲಿದೆ. ಸೀಸಿಯಂ ಹತ್ತು ಅರ್ಧಾಯು ಕಳೆದರೆ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹತ್ತು ಮೂವತ್ತಲೆ ಮುನ್ನೂರು ವರ್ಷ. ನೆಲದ ಮಟ್ಟದ ಕಂದಕಗಳನ್ನು ಸುಮಾರು ಅಷ್ಟು ಕಾಲ ಕಾವಲಿನಲ್ಲಿ ಇಡಬೇಕು ಎಂಬ ಲೆಕ್ಕದಲ್ಲೇ ವಿನ್ಯಾಸ ಮಾಡುತ್ತಾರೆ. ಮುನ್ನೂರು ವರ್ಷದ ಹಿಂದೆ ಮೈಸೂರಿನಲ್ಲಿ ದೊಡ್ಡ ಕೃಷ್ಣರಾಜ ಒಡೆಯರು ಆಳುತ್ತಿದ್ದರು. ಅಷ್ಟು ಹಿಂದೆ ಹೋಗುವುದೂ ಬೇಡ, ರಾಮಾಪುರದ್ದೇ ಕಥೆ ನೋಡಿ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೈಸೂರು ಜಿಲ್ಲೆಗೆ ಬಂತು. 1973ರಲ್ಲಿ ರಾಜ್ಯದ ಹೆಸರೇ ಬದಲಾಯಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಆಮೇಲೆ ಹನೂರು ಬೇರೆ ತಾಲ್ಲೂಕಾಯಿತು. ಊರು ಒಂದಿಂಚೂ ಅಲುಗಲಿಲ್ಲ. ಒಬ್ಬ ಮನುಷ್ಯನ ಆಯುಷ್ಯದೊಳಗೆ ಅದರ ವಿಳಾಸ ಮಾತ್ರ ಎಷ್ಟು ಸಲ ಬದಲಾಯಿತು! 1950ರ ಜಮೀನಿನ ಕಾಗದ ಹುಡುಕಲು ಹೊರಟ ಇಲ್ಲಿನ ರೈತರನ್ನು ಕೇಳಿದರೆ, ಕಚೇರಿಗಳು ಬದಲಾದಾಗ ದಾಖಲೆಗಳ ಗತಿ ಏನಾಗುತ್ತದೆ ಎಂದು ವಿವರವಾಗಿ ಹೇಳುತ್ತಾರೆ. ಇಂಥ ಬದಲಾವಣೆಗಳ ನಡುವೆ, ಈ ಕಂದಕದಲ್ಲಿ ಏನಿದೆ, ಯಾವಾಗ ಇಟ್ಟದ್ದು, ಯಾವಾಗಿನವರೆಗೆ ತೆರೆಯಬಾರದು ಎಂಬ ಮಾತು ಹತ್ತು ತಲೆಮಾರು ದಾಟಿ ಹೋಗಬೇಕು.

ನೆನಪು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮುನ್ನೂರು ವರ್ಷ ಕಾಯಬೇಕಾಗಿಲ್ಲ. ದೆಹಲಿಯ ವಿಶ್ವವಿದ್ಯಾಲಯದ ರಸಾಯನ ವಿಭಾಗದಲ್ಲಿ ಕೋಬಾಲ್ಟ್-60 ತುಂಬಿದ ಒಂದು ಹಳೆಯ ಯಂತ್ರವಿತ್ತು. 1985ರಿಂದ ಅದನ್ನು ಯಾರೂ ಬಳಸಿರಲಿಲ್ಲ. 2010ರಲ್ಲಿ ಬೇಡವಾದ ಸಾಮಾನಿನ ಜತೆ ಅದನ್ನೂ ಹರಾಜು ಹಾಕಿದರು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಬಿಚ್ಚಿದವರಿಗೆ ಒಳಗೆ ಏನಿದೆ ಎಂದು ಗೊತ್ತಿರಲಿಲ್ಲ. ಹಲವರ ಚರ್ಮ ಸುಟ್ಟಿತು, ಕೂದಲು ಉದುರಿತು, ಒಬ್ಬ ಸತ್ತ. ಆಗ ಅಲ್ಲಿಗೆ ಧಾವಿಸಿ, ಗುಜರಿ ರಾಶಿಯ ನಡುವೆ ಮಾಪಕ ಹಿಡಿದು, ಚೂರು ಚೂರಾಗಿ ಬಿದ್ದಿದ್ದ ಕೋಬಾಲ್ಟನ್ನು ಹುಡುಕಿ, ಸೀಸದ ಪೆಟ್ಟಿಗೆಗೆ ತುಂಬಿ ಒಯ್ದವರು ಇದೇ ಸರ್ಕಾರಿ ಎಂಜಿನಿಯರುಗಳು, ವಿಜ್ಞಾನಿಗಳು. ಇಲ್ಲಿ ತಪ್ಪಿದ್ದು ತಂತ್ರಜ್ಞಾನವಲ್ಲ. ಆ ಪೆಟ್ಟಿಗೆಯಲ್ಲಿ ಏನಿದೆ ಎಂದು ಬಲ್ಲವರು ಹರಾಜಿನ ದಿನ ಅಲ್ಲಿರಲಿಲ್ಲ.

ಕರ್ನಾಟಕದಲ್ಲಿ ಈ ವೃತ್ತಿಯ ಅತಿ ದೊಡ್ಡ ಪಾಠಶಾಲೆ ಕೋಲಾರದ ಚಿನ್ನದ ಗಣಿ. ಕೊಳ್ಳೇಗಾಲದವರಿಗೆ ಆ ಊರಿನ ನಂಟು ಹಳೆಯದು: 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ತಂತಿಯ ಮೇಲೆ ಮೊದಲು ಹೋದದ್ದೇ ಕೆ.ಜಿ.ಎಫ್.ಗೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಗಣಿ ಅದು. 1980ರ ದಶಕದಲ್ಲಿ ಅಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಒಂದು ಪ್ರಯೋಗ ನಡೆಸಿದರು. ಗಾಜಿನಲ್ಲಿ ಬಂಧಿಸಿದ ತ್ಯಾಜ್ಯ ಬಹುಕಾಲ ಬಿಸಿಯಾಗಿಯೇ ಇರುತ್ತದೆ. ಅದನ್ನು ಆಳದ ಬಂಡೆಯೊಳಗೆ ಇಟ್ಟರೆ ಆ ಕಾವಿಗೆ ಬಂಡೆ ಹಿಗ್ಗುತ್ತದೆಯೇ, ಬಿರುಕು ಬಿಡುತ್ತದೆಯೇ? ಬಿರುಕಿನಲ್ಲಿ ನೀರು ಹರಿದರೆ ಮಾಡಿದ್ದೆಲ್ಲ ವ್ಯರ್ಥ. ಇದನ್ನು ಅಳೆಯಲು, ಕೆಲಸ ನಿಂತಿದ್ದ ಭಾಗದಲ್ಲಿ ಸುಮಾರು ಸಾವಿರ ಮೀಟರ್ ಆಳದ ಒಂದು ಕೋಣೆಯಲ್ಲಿ ಬಂಡೆಯೊಳಗೆ ವಿದ್ಯುತ್ ಕಾಯಿಸುಕಗಳನ್ನು ಇಳಿಸಿ, ಎಂಟು ವರ್ಷ ಕಾಲ ಕಾವು, ಒತ್ತಡಗಳನ್ನು ದಾಖಲಿಸಿದರು. ತ್ಯಾಜ್ಯದ ಕಾವನ್ನು ಅಲ್ಲಿ ಅನುಕರಿಸಿದ್ದು ವಿದ್ಯುತ್ತು.

ಎಂಟು ವರ್ಷ! ಒಂದು ಪ್ರಶ್ನೆಗೆ ಉತ್ತರ ಸಿಗಲು ಎಂಟು ವರ್ಷ ಕಾಯುವ ತಾಳ್ಮೆ ಇಲ್ಲದವರು ಈ ದಾರಿ ಹಿಡಿಯದಿರುವುದೇ ಮೇಲು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಹಿಂದೆ ಉಳಿದದ್ದು ಸಾವಿರಾರು ಮಂದಿಯ ನಿರುದ್ಯೋಗ ಮತ್ತು ಊರ ಸುತ್ತ ಬೆಟ್ಟದಂತೆ ನಿಂತ ಹದಿಮೂರು ದಿಬ್ಬಗಳು. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಹಿಟ್ಟು ಅದು. ಸಯನೈಡಿನಲ್ಲಿ ನೆನೆಸಿ ಚಿನ್ನ ತೆಗೆದದ್ದರಿಂದ ಜನ ಅವಕ್ಕೆ ಸಯನೈಡ್ ದಿಬ್ಬಗಳೆಂದೇ ಹೆಸರಿಟ್ಟರು. ಒಟ್ಟು ಸುಮಾರು 330 ಲಕ್ಷ ಟನ್ ಎಂದು ಅಂದಾಜು. ಗಾಳಿ ಬೀಸಿದರೆ ಆ ಹಿಟ್ಟು ಮನೆಯೊಳಗೆ ಬರುತ್ತದೆ. ಹೀಗಿರುವಾಗ, 2012ರ ನವೆಂಬರಿನಲ್ಲಿ ಕೂಡಂಕುಳಂ ಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗ ಅಲ್ಲಿಯ ತ್ಯಾಜ್ಯ ಕೆ.ಜಿ.ಎಫ್. ಗಣಿಗೆ ಬರುತ್ತದೆಂಬ ಸುದ್ದಿ ಹರಡಿತು. ಜನ ಬೀದಿಗಿಳಿದರು. ಅಂಥ ಯೋಜನೆ ಇಲ್ಲವೆಂದು ಕೇಂದ್ರ ಸರ್ಕಾರದ ಕಡೆಯಿಂದ ಸ್ಪಷ್ಟನೆ ಬಂತು.

ಈ ಪ್ರತಿಭಟನೆಯನ್ನು ತಿಳಿಯದ ಜನರ ಗಾಬರಿ ಎಂದು ತಳ್ಳಿಹಾಕಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅದು ನ್ಯಾಯವಲ್ಲ. ಕಣ್ಣೆದುರಿಗಿರುವ, ಎಲ್ಲರಿಗೂ ಕಾಣುವ ದಿಬ್ಬದ ಮೇಲೆ ಹುಲ್ಲು ಬೆಳೆಸಿ ಧೂಳು ತಡೆಯುವುದಕ್ಕೇ ವರ್ಷಗಟ್ಟಲೆ ಕಾಯಬೇಕಾದ ಊರಿಗೆ, ಕಾಣದ ವಿಷವನ್ನು ಸಾವಿರಾರು ವರ್ಷ ನೋಡಿಕೊಳ್ಳುತ್ತೇವೆ ಎಂದು ಹೇಳಿದರೆ ಯಾರು ನಂಬುತ್ತಾರೆ? ಸಾವಿರ ಮೀಟರ್ ಆಳದಲ್ಲಿ ಬಂಡೆ ತಡೆಯುತ್ತದೆಯೇ ಎಂದು ಎಂಟು ವರ್ಷ ಅಳೆದರು. ಬಂಡೆಯ ಮೇಲೆ ಬದುಕುವವರ ವಿಶ್ವಾಸ ಎಷ್ಟು ತಡೆಯುತ್ತದೆ ಎಂದು ಅಳೆಯುವ ಮಾಪಕ ಯಾರ ಕೈಯಲ್ಲೂ ಇರಲಿಲ್ಲ. 2024ರಲ್ಲಿ ಈ ದಿಬ್ಬಗಳ ಸುಮಾರು ಸಾವಿರ ಎಕರೆಯಲ್ಲಿ ಮೇಲ್ಮೈ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉಳಿದ ಚಿನ್ನ ತೆಗೆದ ಮೇಲೆ ಆ ಹಿಟ್ಟನ್ನು ಎಲ್ಲಿಡುತ್ತಾರೆ, ಹೇಗಿಡುತ್ತಾರೆ ಎಂಬುದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಈಗ ಕೂತವರಿಗೆ ಮುಂದೆ ಬರುವ ಪ್ರಶ್ನೆ.

ಕೈಗಾದ ಅನುಭವ ಬೇರೆ ರೀತಿಯದು. ಉತ್ತರ ಕನ್ನಡದ ಕಾಳಿ ನದಿಯ ದಂಡೆಯಲ್ಲಿ, ಕಾಡಿನ ನಡುವೆ ಸ್ಥಾವರ ಬರುತ್ತದೆಂದಾಗ ವಿರೋಧ ಜೋರಾಗಿಯೇ ಇತ್ತು. ಶಿವರಾಮ ಕಾರಂತರು ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಆ ಜಿಲ್ಲೆಯಿಂದ ಪರಿಸರದ ಪ್ರಶ್ನೆ ಹಿಡಿದೇ ನಿಂತರು, ಗೆಲ್ಲಲಿಲ್ಲ. 1994ರ ಮೇ 13ರಂದು ಕಟ್ಟುತ್ತಿದ್ದ ಮೊದಲ ಘಟಕದ ಒಳ ಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಒಳಗೆ ಇನ್ನೂ ಇಂಧನ ಇರಲಿಲ್ಲವೆಂಬುದೇ ಪುಣ್ಯ. ಗುಮ್ಮಟದ ವಿನ್ಯಾಸವನ್ನೇ ಮತ್ತೆ ಮಾಡಬೇಕಾಯಿತು. 2000ದಲ್ಲಿ ಮೊದಲೆರಡು ಘಟಕಗಳು, 2007 ಮತ್ತು 2011ರಲ್ಲಿ ಇನ್ನೆರಡು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಒಂದೊಂದೂ 220 ಮೆಗಾವಾಟಿನದು. ಅದೇ ಮೊದಲ ಘಟಕ 2018ರ ಡಿಸೆಂಬರ್ 31ಕ್ಕೆ ಮುಗಿದಂತೆ ಸತತ 962 ದಿನ ನಿಲ್ಲದೆ ನಡೆದು ದಾಖಲೆ ಮಾಡಿತು ಎಂಬುದನ್ನೂ ಹೇಳಬೇಕು.

ಇಲ್ಲಿ ಗಮನಿಸಬೇಕಾದ್ದು, ಸ್ಥಾವರ ನಡೆಯುವ ಮುಂಚೆಯೇ ಸುತ್ತಲಿನ ನೆಲ, ನೀರು, ಗಿಡಗಳಲ್ಲಿ ಸಹಜವಾಗಿ ಎಷ್ಟು ವಿಕಿರಣ ಇದೆ ಎಂದು ಅಳೆದಿಟ್ಟದ್ದು. ಮಂಗಳೂರು ವಿಶ್ವವಿದ್ಯಾಲಯದವರೂ ಈ ಕೆಲಸ ಮಾಡಿದ್ದಾರೆ. ಮೊದಲಿನ ಲೆಕ್ಕ ಇಲ್ಲದೆ ಆಮೇಲಿನ ಲೆಕ್ಕಕ್ಕೆ ಬೆಲೆಯಿಲ್ಲ. ಸ್ಥಾವರದ ಪರಿಸರ ಸಮೀಕ್ಷಾ ಪ್ರಯೋಗಾಲಯದವರು ಸುತ್ತಲ ಹಳ್ಳಿಗಳಿಂದ ಹಾಲು, ಅಕ್ಕಿ, ತರಕಾರಿ, ನದಿಯಿಂದ ಮೀನು, ನೀರು, ಕೆಸರು ತಂದು ಪರೀಕ್ಷಿಸುತ್ತಲೇ ಇರುತ್ತಾರೆ. ಒಳಗೆ ಕೆಲಸ ಮಾಡುವ ಪ್ರತಿಯೊಬ್ಬರ ಮೂತ್ರ ಪರೀಕ್ಷೆಯೂ ಆಗಾಗ ನಡೆಯುತ್ತದೆ. 2009ರ ನವೆಂಬರಿನಲ್ಲಿ ಇಂಥದೊಂದು ಮಾಮೂಲಿ ಪರೀಕ್ಷೆಯಲ್ಲಿ ಹಲವರ ದೇಹದಲ್ಲಿ ಟ್ರಿಷಿಯಂ ಎಂದಿಗಿಂತ ಹೆಚ್ಚಾಗಿ ಕಂಡಿತು. ಎಲ್ಲಿಂದ ಬಂತು? ಯಾರು ಯಾರು ಎಲ್ಲೆಲ್ಲಿ ಓಡಾಡಿದರು, ಏನು ಕುಡಿದರು ಎಂದು ಹಿಮ್ಮುಖವಾಗಿ ಹುಡುಕುತ್ತ ಹೋದಾಗ ಒಂದು ಕುಡಿಯುವ ನೀರಿನ ಕೂಲರ್ ಸಿಕ್ಕಿತು. ಯಾರೋ ಬೇಕೆಂದೇ ಅದರೊಳಗೆ ಟ್ರಿಷಿಯಂ ಬೆರೆತ ಭಾರಜಲ ಸೇರಿಸಿದ್ದರು. ಕೂಲರಿನ ಮೇಲೆ ಕಣ್ಣಿಡದಿದ್ದದ್ದು ತಪ್ಪೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ತಿಂಗಳು ತಿಂಗಳೂ ಏನೂ ಸಿಗದ ಪರೀಕ್ಷೆಯನ್ನು ಬೇಸರವಿಲ್ಲದೆ ಮಾಡುತ್ತಿದ್ದ ಯಾರೋ ಒಬ್ಬರಿಂದಾಗಿ ಆ ಸಂಗತಿ ಬೆಳಕಿಗೆ ಬಂತು ಎಂಬುದೂ ಅಷ್ಟೇ ನಿಜ.

ಹಾಗಾದರೆ ರಾಮಾಪುರದ ಮಗಳು ಅಲ್ಲಿಗೆ ಹೋಗುವ ದಾರಿ ಯಾವುದು?

ಮೊದಲು ಒಂದು ಬಿ.ಇ. ಬೇಕು. ಅಣು ತ್ಯಾಜ್ಯಕ್ಕೆಂದೇ ಪದವಿ ಹುಡುಕುವ ಅಗತ್ಯವಿಲ್ಲ. ಕೆಮಿಕಲ್, ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಿಕಲ್, ಇನ್‌ಸ್ಟ್ರುಮೆಂಟೇಷನ್ ಎಲ್ಲಕ್ಕೂ ಜಾಗವಿದೆ. ಅಪ್ಪನ ಮುಖ ಸಪ್ಪೆ ಮಾಡುವ ಬ್ರಾಂಚುಗಳೇ ಇಲ್ಲಿ ಹೆಚ್ಚು ಬೇಕಾದವು. ಚಾಮರಾಜನಗರದಲ್ಲೇ 2007ರಿಂದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಪರಿಸರ ಎಂಜಿನಿಯರಿಂಗನ್ನೇ ಓದಬೇಕೆಂದರೆ ಮೈಸೂರಿನ ಎಸ್.ಜೆ.ಸಿ.ಇ.ಯಲ್ಲಿ ಅದಕ್ಕೆಂದೇ ಬಿ.ಇ. ನಡೆದುಬಂದಿದೆ, ಸುರತ್ಕಲ್ಲಿನ ಎನ್.ಐ.ಟಿ.ಯಲ್ಲಿ ಮುಂದಿನ ಓದಿಗೆ ಅವಕಾಶವಿದೆ. ಕೊನೆಯ ವರ್ಷದಲ್ಲಿ ಗೇಟ್ ಪರೀಕ್ಷೆ ಬರೆಯಬೇಕು. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದ ತರಬೇತಿ ಶಾಲೆ 1957ರಿಂದ ನಡೆಯುತ್ತಿದೆ. ಪರೀಕ್ಷೆಯ ಅಂಕದ ಮೇಲೆ ಸಂದರ್ಶನಕ್ಕೆ ಕರೆಯುತ್ತಾರೆ. ಸಂದರ್ಶನವೇ ನಿಜವಾದ ಜರಡಿ. ಪುಸ್ತಕದ ಸೂತ್ರ ಹೇಳಿದರೆ ಸಾಲದು, ಅದು ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕು. ಆಯ್ಕೆಯಾದವರಿಗೆ ಒಂದು ವರ್ಷ ಸ್ಟೈಪೆಂಡಿನೊಡನೆ ತರಬೇತಿ, ತೇರ್ಗಡೆಯಾದ ಮೇಲೆ ಗೆಜೆಟೆಡ್ ಹುದ್ದೆ. ಇಲ್ಲಿ ಮೇಲಿನವರು ನಿವೃತ್ತರಾಗಿ ಜಾಗ ಖಾಲಿಯಾಗಲಿ ಎಂದು ಕಾಯಬೇಕಾಗಿಲ್ಲ; ಕೆಲಸದ ಯೋಗ್ಯತೆ ನೋಡಿ ಬಡ್ತಿ ಕೊಡುವ ಪದ್ಧತಿಯಿದೆ. ಕೈಗಾದಂಥ ಸ್ಥಾವರಗಳನ್ನು ನಡೆಸುವ ಅಣು ವಿದ್ಯುತ್ ನಿಗಮವೂ ಗೇಟ್ ಅಂಕಗಳ ಮೇಲೆ ತರಬೇತಿ ಎಂಜಿನಿಯರುಗಳನ್ನು ಆರಿಸಿಕೊಳ್ಳುತ್ತದೆ. ವಯೋಮಿತಿ ಕಟ್ಟುನಿಟ್ಟು, ಆಯಾ ವರ್ಷದ ಜಾಹೀರಾತನ್ನು ಗಮನವಿಟ್ಟು ನೋಡಬೇಕು. ಡಿಪ್ಲೊಮಾ, ಐ.ಟಿ.ಐ., ಬಿ.ಎಸ್ಸಿ. ಮಾಡಿದವರಿಗೂ ಸ್ಟೈಪೆಂಡ್ ಸಹಿತ ತರಬೇತಿಯ ಹುದ್ದೆಗಳಿವೆ. ಊರಿನ ಮಕ್ಕಳು ಇವನ್ನು ಕಡೆಗಣಿಸುವುದು ಬೇಸರದ ಸಂಗತಿ.

ವಿಕಿರಣ ಬೇಡ, ಪರಿಸರದ ಕೆಲಸವಷ್ಟೇ ಸಾಕು ಎನ್ನುವವರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿದೆ. 1974ರಲ್ಲಿ ಜಲ ಕಾಯ್ದೆಯೊಡನೆ ಹುಟ್ಟಿದ ಸಂಸ್ಥೆ. ಸಹಾಯಕ ಪರಿಸರ ಅಧಿಕಾರಿಯಾಗಿ ಸೇರಿದರೆ ಪರಿಸರ ಅಧಿಕಾರಿ, ಹಿರಿಯ ಪರಿಸರ ಅಧಿಕಾರಿ ಎಂದು ಮೇಲೇರಬಹುದು. ಕಾರ್ಖಾನೆಯ ಚರಂಡಿಯಿಂದ ನೀರು ತೆಗೆದು ಬಾಟಲಿಗೆ ಮೊಹರು ಹಾಕುವುದು, ಕಲ್ಲು ಗಣಿಯ ಧೂಳು ಅಳೆಯುವುದು, ತಪ್ಪಿದವರಿಗೆ ನೋಟಿಸು ಕೊಡುವುದು. ಒತ್ತಡ ಎರಡೂ ಕಡೆಯಿಂದ ಬರುತ್ತದೆ: ಕಾರ್ಖಾನೆಯವರು ಬಿಡಿ ಎನ್ನುತ್ತಾರೆ, ಊರಿನವರು ಮುಚ್ಚಿಸಿ ಎನ್ನುತ್ತಾರೆ. ನೇಮಕಾತಿಯ ಜಾಹೀರಾತು ಪ್ರತಿವರ್ಷ ಬರುವುದಿಲ್ಲ. ಅದನ್ನೊಂದೇ ನಂಬಿ ಕೂರುವುದು ಜಾಣತನವಲ್ಲ.

ಹೆಸರು ಗಳಿಸುವ ಆಸೆಯಿದ್ದರೆ ಮಾತು ಬೇರೆ. ಬೆಂಗಳೂರಿನಲ್ಲಿ 1930ರಲ್ಲಿ ಹುಟ್ಟಿ, ಅಲ್ಲಿಯೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಎಂ.ಆರ್. ಶ್ರೀನಿವಾಸನ್ 1955ರಲ್ಲಿ ಅಣುಶಕ್ತಿ ಇಲಾಖೆ ಸೇರಿದರು. ಮೊದಲ ರಿಯಾಕ್ಟರ್ ಅಪ್ಸರಾದಿಂದ ಹಿಡಿದು ತಾರಾಪುರ, ಕಲ್ಪಾಕ್ಕಂಗಳವರೆಗೆ ಕಟ್ಟಿ, 1987ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷರಾದರು. 2015ರಲ್ಲಿ ಪದ್ಮವಿಭೂಷಣ ಬಂತು. 2025ರ ಮೇ 20ರಂದು ಉದಕಮಂಡಲದಲ್ಲಿ ತೀರಿಕೊಂಡಾಗ ಪತ್ರಿಕೆಗಳೆಲ್ಲ ಬರೆದವು. ಅವರದು ಸ್ಥಾವರಗಳನ್ನು ಎಬ್ಬಿಸಿ ನಿಲ್ಲಿಸಿದವರ ಬದುಕು. ಅವುಗಳ ಕಸವನ್ನು ಮೂವತ್ತು ವರ್ಷ ಕಾದು ಸುಮ್ಮನೆ ನಿವೃತ್ತರಾದವರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ಅವರ ಕಾಲದಲ್ಲಿ ಬಾವಿಯ ನೀರಿನಲ್ಲಿ ಏನೂ ಸಿಗಲಿಲ್ಲ ಎಂಬುದು ಸುದ್ದಿಯಾಗುವುದು ಹೇಗೆ? ಕೆಲಸಕ್ಕೆ ಕೊರತೆಯಂತೂ ಇರದು. ರಾಜಸ್ಥಾನದ ಮೊದಲ ಘಟಕ 2004ರಿಂದ ವಿದ್ಯುತ್ ಕೊಟ್ಟಿಲ್ಲ. ಇಂಥವನ್ನು ಮುಂದೊಂದು ದಿನ ಕಳಚಬೇಕು. ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ ಎರಡನೆಯ ಮಹಾಯುದ್ಧದ ಕಾಲದಿಂದ ಬಾಂಬಿಗಾಗಿ ಪ್ಲುಟೋನಿಯಂ ಮಾಡಿದವರು ತ್ಯಾಜ್ಯವನ್ನು 177 ಭೂಗತ ತೊಟ್ಟಿಗಳಲ್ಲಿ ತುಂಬಿ, ಆಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟರು. ಕೆಲವು ಸೋರಿದವು. ಅವರ ಮೊಮ್ಮಕ್ಕಳ ವಯಸ್ಸಿನ ಎಂಜಿನಿಯರುಗಳು ಈಗಲೂ ಅದನ್ನು ತೊಳೆಯುತ್ತಿದ್ದಾರೆ.

ಇಷ್ಟೆಲ್ಲ ಕೇಳಿದ ಮೇಲೂ ತಾಯಿಯ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ, ಅದನ್ನು ಬಾಯಿಬಿಟ್ಟು ಕೇಳುವುದಿಲ್ಲ: ಅಲ್ಲಿ ಕೆಲಸ ಮಾಡಿದರೆ ನಾಳೆ ಮದುವೆ, ಮಕ್ಕಳು? ಕೇಳಬೇಕಾದ ಪ್ರಶ್ನೆಯೇ. ವಿಕಿರಣದ ನಡುವೆ ಕೆಲಸ ಮಾಡುವವರಿಗೆ ನಿಯಂತ್ರಣ ಮಂಡಳಿ ಮಿತಿ ಹಾಕಿದೆ: ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್, ಐದು ವರ್ಷಕ್ಕೆ ಸೇರಿ 100 ಮೀರುವಂತಿಲ್ಲ. ಸಾರ್ವಜನಿಕರಿಗೆ ವರ್ಷಕ್ಕೆ 1. ನೆಲ, ಆಕಾಶ, ಗಾಳಿಗಳಿಂದ ಜಗತ್ತಿನ ಜನರಿಗೆ ಸಹಜವಾಗಿ ಬರುವುದು ಸರಾಸರಿ ವರ್ಷಕ್ಕೆ ಸುಮಾರು 2.4. ಹದಿನೆಂಟು ತುಂಬದವರನ್ನು ಈ ಕೆಲಸಕ್ಕೆ ಹಚ್ಚುವಂತಿಲ್ಲ. ಗರ್ಭಿಣಿ ಎಂದು ತಿಳಿಸಿದ ಕೂಡಲೇ ಹೊಟ್ಟೆಯಲ್ಲಿರುವ ಮಗುವಿಗೆ ಸಾರ್ವಜನಿಕರ ಮಿತಿಯೇ ಅನ್ವಯಿಸುತ್ತದೆ, ಕೆಲಸ ಬದಲಾಯಿಸಿ ಕೊಡಬೇಕು. ಹಿರೋಷಿಮಾ, ನಾಗಸಾಕಿಗಳಲ್ಲಿ ಬದುಕುಳಿದವರಿಗೆ ಆಮೇಲೆ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಪರೀಕ್ಷಿಸಿದವರಿಗೆ ವಂಶವಾಹಿಯಲ್ಲಿ ಇಳಿದು ಬಂದ ದೋಷ ಇದೆಯೆಂದು ತೋರಿಸಲು ಆಗಿಲ್ಲ. ಹಾಗೆಂದು ಅಪಾಯವೇ ಇಲ್ಲವೆಂದಲ್ಲ. ಹೆಚ್ಚು ವಿಕಿರಣ ತಾಗಿದರೆ ಕ್ಯಾನ್ಸರಿನ ಸಂಭವ ಹೆಚ್ಚುತ್ತದೆ. ಆದ್ದರಿಂದಲೇ ಮಿತಿಯೊಳಗಿದ್ದರೆ ಸಾಕೆಂದು ಕೂರದೆ ಇನ್ನೂ ಕಡಿಮೆ ಮಾಡಲು ಹೇಳಿಕೊಡುತ್ತಾರೆ: ಹತ್ತಿರ ಹೋಗಬೇಡ, ಹೆಚ್ಚು ಹೊತ್ತು ನಿಲ್ಲಬೇಡ, ನಡುವೆ ಅಡ್ಡಗೋಡೆ ಇರಲಿ.

ಎದೆಯ ಮೇಲೆ ಒಂದು ಚಿಕ್ಕ ಬ್ಯಾಡ್ಜು ಹಾಕಿಕೊಂಡೇ ಒಳಗೆ ಹೋಗಬೇಕು. ಎಷ್ಟು ವಿಕಿರಣ ತಾಗಿತೆಂದು ಅದು ಹೇಳುತ್ತದೆ. ಕಾಲಕಾಲಕ್ಕೆ ಅದನ್ನು ಓದಿ, ಪ್ರತಿಯೊಬ್ಬರ ಹೆಸರಿನಲ್ಲೂ ಲೆಕ್ಕ ಬರೆದಿಡುತ್ತಾರೆ. ಕೆಲಸ ಬಿಟ್ಟರೂ, ಊರು ಬದಲಾಯಿಸಿದರೂ ಆ ಲೆಕ್ಕ ಅಳಿಯುವುದಿಲ್ಲ. ತನ್ನ ಲೆಕ್ಕವನ್ನು ಕೇಳಿ ನೋಡುವ ಹಕ್ಕು ಕೆಲಸಗಾರರಿಗಿದೆ. ಕೆಲಸಕ್ಕೆ ಸೇರಿದ ಮಗಳು ರಜೆಗೆ ರಾಮಾಪುರಕ್ಕೆ ಬಂದಾಗ, ಸಂಬಳ ಎಷ್ಟು ಎಂದು ಕೇಳುವುದರ ಜತೆಗೆ ಈ ವರ್ಷದ ಬ್ಯಾಡ್ಜಿನಲ್ಲಿ ಎಷ್ಟು ಬಂತು ಎಂದೂ ಅಪ್ಪ ಅಮ್ಮ ಕೇಳಬಹುದು. ಅವಳಿಗೆ ಆ ಸಂಖ್ಯೆ ಗೊತ್ತಿರುತ್ತದೆ.